ಆಭಾ ಐಡಿ ಇಲ್ಲದೆ ವಿಡಿಯೋದಲ್ಲಿ ಡಾಕ್ಟರ್‌ಗೆ ತೋರಿಸೋಕೆ ಆಗಲ್ವಾ? ಓಟಿಪಿ ಕೊಟ್ಟ ಮೇಲೆ ಮಾಹಿತಿ ಯಾರ ಕೈಗೆ ಹೋಗುತ್ತೆ?

ವರದಾ ದಂಡೆ (ಪ್ರಶ್ನೆ)

ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ನಾನಿರೋದು ಬೆಂಗಳೂರಲ್ಲಿ, ಊರಲ್ಲಿ ಅವ್ವ ಒಬ್ಬಳೇ. ಅವಳಿಗೆ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಮೊದಲೆಲ್ಲ ಗುಳಿಗೆಗೆ ಅಂತ ತಾಲೂಕು ಆಸ್ಪತ್ರೆಗೆ ಹೋಗಿ ಪಾಳಿ ಹಚ್ಚಿ ನಿಲ್ಲಬೇಕಿತ್ತು, ಅಲ್ಲಿಗೆ ಒಂದು ದಿನ ಹೋಯ್ತು ಅಂತಲೇ ಲೆಕ್ಕ. ಈಗ ಊರಿನ ಉಪಕೇಂದ್ರವೇ ಆಯುಷ್ಮಾನ್ ಆರೋಗ್ಯ ಮಂದಿರ ಆಗಿದೆ. ಅಲ್ಲಿನ ಸಿಸ್ಟರ್ ಬಿಪಿ, ಶುಗರ್ ನೋಡಿ, ಟ್ಯಾಬ್‌ನಲ್ಲಿ ಇ-ಸಂಜೀವಿನಿ ತೆಗೆದು ದೂರದ ಡಾಕ್ಟರ್ ಜೊತೆ ಮಾತಾಡಿಸಿ, ಅಲ್ಲೇ ಗುಳಿಗೆ ಕೊಟ್ಟು ಕಳಿಸ್ತಾರೆ. ಈ ಸೌಲಭ್ಯದ ಬಗ್ಗೆ ನನ್ನದೇನೂ ತಕರಾರಿಲ್ಲ, ನಿಜ ಹೇಳಬೇಕೆಂದರೆ ಖುಷಿಯೇ ಇದೆ.

ತಲೆ ಕೆಡಿಸಿದ್ದು ಬೇರೆ. ಕಳೆದ ಸಲ ಅವ್ವ ಅಲ್ಲಿದ್ದಾಗ ನನ್ನ ಫೋನಿಗೆ ಆಧಾರ್ ಓಟಿಪಿ ಬಂತು. ಅವ್ವನ ಆಧಾರ್‌ಗೆ ನನ್ನ ನಂಬರೇ ಇರೋದು. ಹಿಂದೆಯೇ ಫೋನು: "ಅಣ್ಣಾ, ನಂಬರ್ ಹೇಳ್ರಿ ಬೇಗ, ಆಭಾ ಮಾಡಬೇಕು, ಹಿಂದೆ ಜನ ನಿಂತಾರ." ನಾನು ಮೀಟಿಂಗ್‌ನಲ್ಲಿದ್ದೆ, ಹೇಳಿದೆ. ಆಮೇಲೆ ಅವ್ವನನ್ನು ಕೇಳಿದರೆ ಅದೇನು ಅಂತ ಅವಳಿಗೂ ಗೊತ್ತಿಲ್ಲ. ಐದು ಲಕ್ಷದ ಕಾರ್ಡು ಅಂದುಕೊಂಡಿದ್ದಾಳೆ.

ಇನ್ನೊಂದು ಸಂಗತಿ. ಅವತ್ತು ಅವ್ವನಿಗೆ ಉರಿಮೂತ್ರ ಇತ್ತಂತೆ. ಟ್ಯಾಬ್ ಸ್ಪೀಕರ್‌ನಲ್ಲಿ ಡಾಕ್ಟರು ಜೋರಾಗಿ ಅದನ್ನೆಲ್ಲ ಕೇಳ್ತಿದ್ದರೆ ಬೆಂಚಿನ ಮೇಲೆ ಊರಿನ ನಾಲ್ಕು ಜನ ಕೂತಿದ್ದರಂತೆ. ಅದರಲ್ಲಿ ಒಬ್ಬರು ನಮ್ಮ ಹಿಂದಿನ ಮನೆಯವರು. ಅವ್ವ "ಇನ್ನ ಮ್ಯಾಲೆ ನಾ ಅಲ್ಲಿಗೆ ಹೋಗಂಗಿಲ್ಲ" ಅಂತ ಕೂತಿದ್ದಾಳೆ.

ನನ್ನ ಪ್ರಶ್ನೆ: ಈ ಆಭಾ ಕಡ್ಡಾಯವಾ? ಅದರಲ್ಲಿ ಏನೇನು ಹೋಗುತ್ತೆ, ಯಾರು ನೋಡಬಹುದು? ಬೇಡ ಅಂದರೆ ಅಳಿಸೋಕಾಗುತ್ತಾ? ಗೊತ್ತಿರೋರು ಹೇಳಿ. ರಾಜಕೀಯ ಬೇಡ ದಯವಿಟ್ಟು.

ಬೆಣ್ಣೆದೋಸೆ ಡೆವಲಪರ್

ಆಸ್ಪತ್ರೆ ಸಾಫ್ಟ್‌ವೇರ್ ಮಾಡೋ ಕಡೆ ಕೆಲಸ ನನ್ನದು, ಅದಕ್ಕೆ ನಾನೇ ಶುರು ಮಾಡ್ತೀನಿ.

ಮೊದಲು ಕಾರ್ಡಿನ ಗೊಂದಲ. ಐದು ಲಕ್ಷದ ಚಿಕಿತ್ಸೆಯ ಕಾರ್ಡು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ್ದು, ಅದು ಬೇರೆ. ಆಭಾ ಅಂದ್ರೆ ಒಬ್ಬರ ಆರೋಗ್ಯ ದಾಖಲೆಗಳನ್ನು ಜೋಡಿಸೋಕೆ ಕೊಡೋ 14 ಅಂಕಿಯ ಒಂದು ನಂಬರ್, ಅಷ್ಟೇ. ಅದರಿಂದ ಒಂದು ರೂಪಾಯಿನೂ ಬರಲ್ಲ. ಎರಡಕ್ಕೂ "ಆಯುಷ್ಮಾನ್" ಅಂತ ಹೆಸರಿಟ್ಟವರಿಗೆ ನಮಸ್ಕಾರ. ಅರ್ಧ ಜನ ದುಡ್ಡು ಸಿಗುತ್ತೆ ಅಂತಲೇ ಓಟಿಪಿ ಕೊಡ್ತಾರೆ.

ಕಡ್ಡಾಯ ಅಲ್ಲ. 2020ರ ಆಗಸ್ಟ್ 15ಕ್ಕೆ ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಯೋಗ ಅಂತ ಶುರುವಾಗಿ, 2021ರ ಸೆಪ್ಟೆಂಬರ್ 27ಕ್ಕೆ ದೇಶಕ್ಕೆಲ್ಲ ಬಂದದ್ದು ಈ ಆಭಾ ಕೊಡೋ ಸರ್ಕಾರದ ಡಿಜಿಟಲ್ ಹೆಲ್ತ್ ಮಿಷನ್. ಅವರದೇ ಡೇಟಾ ನೀತಿ 2020ರ ಡಿಸೆಂಬರ್‌ನಲ್ಲಿ ಬಂತು. ಐಡಿ ಮಾಡಿಸೋದು ಇಷ್ಟ ಇದ್ದರೆ ಮಾತ್ರ, ಐಡಿ ಇಲ್ಲ ಅಂತ ಯಾರಿಗೂ ಚಿಕಿತ್ಸೆ ನಿರಾಕರಿಸಬಾರದು ಅಂತ ಅದರಲ್ಲೇ ಬರೆದಿದೆ. ಇ-ಸಂಜೀವಿನಿಗೂ ಆಭಾ ಬೇಕೇ ಬೇಕು ಅಂತಿಲ್ಲ. ಹೆಸರು, ವಯಸ್ಸು, ಮೊಬೈಲ್ ನಂಬರ್ ಹಾಕಿ ಕನ್ಸಲ್ಟೇಶನ್ ಮಾಡಬಹುದು.

ಏನು ಹೋಗುತ್ತೆ ಅಂತ ಕೇಳಿದ್ರಿ. ನಿಮ್ಮ ಅವ್ವನ ರಿಪೋರ್ಟುಗಳೆಲ್ಲ ದಿಲ್ಲಿಯ ಒಂದು ದೊಡ್ಡ ಕಂಪ್ಯೂಟರ್‌ನಲ್ಲಿ ಗುಡ್ಡೆ ಬೀಳ್ತವೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ವಿನ್ಯಾಸದ ಪ್ರಕಾರ ಹಾಗಿಲ್ಲ. ರಿಪೋರ್ಟು ಮಾಡಿದ ಆಸ್ಪತ್ರೆಯಲ್ಲೇ ಇರುತ್ತೆ, ಆಭಾಗೆ ಅದರ ಕೊಂಡಿ ಮಾತ್ರ ಸೇರುತ್ತೆ. ಇನ್ನೊಂದು ಆಸ್ಪತ್ರೆಗೆ ಬೇಕಾದರೆ ಆ್ಯಪ್‌ಗೆ ಒಂದು ಕೋರಿಕೆ ಬರುತ್ತೆ: ಯಾವ ಉದ್ದೇಶಕ್ಕೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗಿನ ದಾಖಲೆ, ಬರೀ ಔಷಧಿ ಚೀಟಿಯಾ, ಲ್ಯಾಬ್ ರಿಪೋರ್ಟೂನಾ, ಎಷ್ಟು ದಿನ ಇಟ್ಟುಕೊಳ್ಳಬಹುದು ಅಂತ. ನೀವು ಒಪ್ಪಬಹುದು, ಬೇಡ ಅನ್ನಬಹುದು, ಒಪ್ಪಿದ್ದನ್ನು ಆಮೇಲೆ ವಾಪಸ್ ತಗೊಳ್ಳಬಹುದು. ಕಾಗದದ ಮೇಲೆ ಚೆನ್ನಾಗಿಯೇ ಇದೆ, ಇದನ್ನು ಕಟ್ಟಿದವರು ತಲೆ ಓಡಿಸಿದ್ದಾರೆ ಅಂತ ಒಪ್ಪಿಕೊಳ್ಳಬೇಕು.

ಆದರೆ ಆ ಕೋರಿಕೆ ಬರೋದು ಯಾರ ಫೋನಿಗೆ? ನಿಮ್ಮ ಫೋನಿಗೆ. ಒಪ್ಪಬೇಕಾದವಳು ಅವ್ವ, ಬಟನ್ ಒತ್ತೋರು ನೀವು. ಸ್ಮಾರ್ಟ್‌ಫೋನ್ ಇಲ್ಲದ ಅಥವಾ ಓದೋಕೆ ಬರದವರಿಗೆ ಈ ಒಪ್ಪಿಗೆ ವ್ಯವಸ್ಥೆ ಅನ್ನೋದು ಮನೆಯಲ್ಲಿ ಫೋನ್ ಯಾರ ಕೈಲಿದೆಯೋ ಅವರ ಒಪ್ಪಿಗೆ ಅಷ್ಟೇ.

ಅಳಿಸೋದು: ಆಭಾ ವೆಬ್‌ಸೈಟ್ ಅಥವಾ ಆ್ಯಪ್‌ಗೆ ಲಾಗಿನ್ ಆಗಿ ಪ್ರೊಫೈಲ್‌ಗೆ ಹೋದರೆ ತಾತ್ಕಾಲಿಕವಾಗಿ ನಿಲ್ಲಿಸೋದು, ಪೂರ್ತಿ ಅಳಿಸೋದು ಎರಡೂ ಇದೆ. ಆದರೆ ಐಡಿ ಅಳಿಸಿದರೆ ಕೊಂಡಿ ಹೋಗುತ್ತೆ, ಆಸ್ಪತ್ರೆಯಲ್ಲಿರೋ ದಾಖಲೆ ಹೋಗಲ್ಲ.

ಉಪಕೇಂದ್ರದ ಸಿಸ್ಟರ್

ಸರ್, ನಾನೂ ಒಬ್ಬ ಸಮುದಾಯ ಆರೋಗ್ಯ ಅಧಿಕಾರಿ. ನಿಮ್ಮ ಊರಿನವಳಲ್ಲ, ಭಯ ಬೇಡ. ನಮ್ಮ ಕಡೆಯ ಮಾತೂ ಸ್ವಲ್ಪ ಕೇಳಿ.

ಓಟಿಪಿ ಯಾಕೆ ಅವಸರ ಅಂದ್ರೆ ಅದು ಕೆಲವು ನಿಮಿಷ ಮಾತ್ರ ಇರುತ್ತೆ. ನೆಟ್‌ವರ್ಕ್ ಬಂದಾಗಲೇ ಮುಗಿಸಬೇಕು. ರಿವ್ಯೂ ಮೀಟಿಂಗ್‌ಗೆ ಹೋದರೆ ಮೊದಲನೇ ಪ್ರಶ್ನೆನೇ "ಆಭಾ ಎಷ್ಟಾಯ್ತು, ಟೆಲಿ ಕನ್ಸಲ್ಟೇಶನ್ ಎಷ್ಟಾಯ್ತು" ಅಂತ. ಬೇರೆ ಸೆಂಟರಿನ ಅಂಕಿ ಪಕ್ಕದಲ್ಲಿಟ್ಟು ತೋರಿಸ್ತಾರೆ. ನಮಗೆ ಬರೋ ಪ್ರೋತ್ಸಾಹಧನನೂ ಕೆಲಸದ ಅಂಕಿಗಳ ಮೇಲೇ ನಿಂತಿದೆ. "ಎಷ್ಟು ಜನಕ್ಕೆ ತಿಳಿಸಿ ಹೇಳಿದ್ರಿ, ಎಷ್ಟು ಜನ ಬೇಡ ಅಂದ್ರು" ಅಂತ ನನ್ನನ್ನು ಇಲ್ಲಿಯವರೆಗೆ ಒಬ್ಬರೂ ಕೇಳಿಲ್ಲ.

ಆಭಾ ಮಾಡೋವಾಗ ಒಪ್ಪಿಗೆಯ ಪುಟ ಬರುತ್ತೆ. ಉದ್ದಕ್ಕೆ ಇರುತ್ತೆ. "ನಾನು ಸ್ವಇಚ್ಛೆಯಿಂದ ಆಧಾರ್ ನಂಬರ್ ಕೊಡ್ತಿದ್ದೀನಿ" ಅನ್ನೋದರಿಂದ ಶುರುವಾಗಿ ಒಂದರ ಕೆಳಗೊಂದು ಟಿಕ್ ಮಾಡೋ ಚೌಕಗಳು. ಕೆಳಗಡೆ ಇನ್ನೊಂದಿದೆ, ಅದು ನಮ್ಮದು: ಆರೋಗ್ಯ ಕಾರ್ಯಕರ್ತೆಯಾದ ನಾನು ಇದನ್ನೆಲ್ಲ ಫಲಾನುಭವಿಗೆ ವಿವರಿಸಿದ್ದೇನೆ ಅಂತ. ಅದಕ್ಕೂ ನಾವೇ ಟಿಕ್ ಮಾಡಬೇಕು. ಹೊರಗೆ ಇಪ್ಪತ್ತು ಜನ ಇದ್ದಾಗ ಯಾರು ಓದಿ ಹೇಳ್ತಾರೆ ಹೇಳಿ? ಎಲ್ಲಾ ಚೌಕ ಒತ್ತಿ ಮುಂದೆ ಹೋಗ್ತೀವಿ. ಇದು ಸರಿ ಅಂತ ನಾನು ಹೇಳ್ತಿಲ್ಲ. ಹೀಗೆ ನಡೀತಿದೆ ಅಂತ ಹೇಳ್ತಿದ್ದೀನಿ.

ಸ್ಪೀಕರ್ ವಿಷಯಕ್ಕೆ ಬರ್ತೀನಿ. ವಯಸ್ಸಾದವರಿಗೆ ಕಿವಿ ಕೇಳಲ್ಲ, ಡಾಕ್ಟರಿಗೆ ನಮ್ಮ ಕಡೆಯ ಮಾತು ಅರ್ಥ ಆಗಲ್ಲ, ನಡುವೆ ನಾವು ಮೂವರೂ ಕೂಗಾಡೋದು. ಇರೋದು ಒಂದು ಕೋಣೆ, ಔಷಧಿ ಬೀರೂನೂ ಅಲ್ಲೇ, ಬೆಂಚೂ ಅಲ್ಲೇ. ನಾನು ಮಾಡೋದು ಇಷ್ಟು: ಹೆಂಗಸರ ಸಮಸ್ಯೆ ಇದ್ದರೆ ಮೊದಲೇ ಟೈಪ್ ಮಾಡಿ ಡಾಕ್ಟರಿಗೆ ಕಳಿಸ್ತೀನಿ, ಕಾಲ್ ಸೇರಿದ ಮೇಲೆ "ಸರ್, ಕಂಪ್ಲೇಂಟ್ ಬರೆದಿದ್ದೀನಿ, ನೋಡಿ" ಅಂತೀನಿ. ಆಗ ಅವರು ಜೋರಾಗಿ ಕೇಳಬೇಕಾದ್ದೇ ಬರಲ್ಲ. ಒಂದು ವೈರಿನ ಇಯರ್‌ಫೋನ್ ನನ್ನ ದುಡ್ಡಲ್ಲೇ ತಂದಿಟ್ಟಿದ್ದೀನಿ. ಬೇರೆಯವರನ್ನು ಆಶಾ ಅಕ್ಕ ಹೊರಗಿನ ಕಟ್ಟೆ ಮೇಲೆ ಕೂರಿಸ್ತಾರೆ. ನಿಮ್ಮ ಅವ್ವನ ಸಿಸ್ಟರ್‌ಗೂ ಫೋನ್ ಮಾಡಿ ಹೇಳಿ, ಜಗಳದ ದನಿಯಲ್ಲಿ ಬೇಡ. ಬಹಳಷ್ಟು ಸಲ ಯಾರೂ ಹೇಳಿರಲ್ಲ, ಅದಕ್ಕೆ ಹೊಳೆದಿರಲ್ಲ.

ಇನ್ನೊಂದು ಮಾತು. ಆಭಾ ಬೇಡ ಅಂದರೆ ನಿಮ್ಮ ಅವ್ವನ ಮಾಹಿತಿ ಎಲ್ಲೂ ಇಲ್ಲ ಅಂದುಕೊಳ್ಳಬೇಡಿ. ಮೂವತ್ತು ದಾಟಿದವರ ಬಿಪಿ, ಶುಗರ್ ತಪಾಸಣೆ ಎನ್‌ಸಿಡಿ ಪೋರ್ಟಲ್‌ಗೆ ಹೋಗುತ್ತೆ. ಬಸುರಿಯರದ್ದು ಆರ್‌ಸಿಎಚ್ ಪೋರ್ಟಲ್. ಟಿಬಿ ಇದ್ದರೆ ನಿಕ್ಷಯ್. ಅಲ್ಲಿ ಪೌಷ್ಟಿಕ ಆಹಾರದ ದುಡ್ಡಿಗೆ ಬ್ಯಾಂಕ್ ಖಾತೆನೂ ಕೊಡಬೇಕು. ಇವೆಲ್ಲ ಆಭಾಕ್ಕಿಂತ ಮುಂಚಿನವು.

ಬೆಣ್ಣೆದೋಸೆ ಡೆವಲಪರ್

ಸಿಸ್ಟರ್ ಹೇಳಿದ ಕೊನೇ ಮಾತಿಗೆ ಒಂದು ಸೇರಿಸ್ತೀನಿ. ಇಲ್ಲಿಯವರೆಗೆ ಈ ಪೋರ್ಟಲ್‌ಗಳು ಒಂದಕ್ಕೊಂದು ಮಾತಾಡ್ತಿರಲಿಲ್ಲ. ಟಿಬಿ ಲೆಕ್ಕ ಒಂದು ಕಡೆ, ಹೆರಿಗೆ ಲೆಕ್ಕ ಇನ್ನೊಂದು ಕಡೆ, ಹೆಸರಿನ ಸ್ಪೆಲ್ಲಿಂಗ್ ಒಂದೊಂದರಲ್ಲಿ ಒಂದೊಂದು ಥರ. ಆ ಅಸ್ತವ್ಯಸ್ತವೇ ಒಂದು ರೀತಿ ರಕ್ಷಣೆಯಾಗಿತ್ತು. ಎಲ್ಲಕ್ಕೂ ಒಂದೇ ನಂಬರ್ ಹಾಕಿದ ದಿನ ಡಾಕ್ಟರಿಗೆ ಪೂರ್ತಿ ಚಿತ್ರ ಸಿಗುತ್ತೆ, ಅದು ಒಳ್ಳೇದು. ಕದಿಯೋನಿಗೂ ಪೂರ್ತಿ ಚಿತ್ರವೇ ಸಿಗುತ್ತೆ.

ಕೊಪ್ಪಳದ ಗೌಡ್ರು

ಸುಮ್ನೆ ಹೆದರಿಸ್ತಾ ಇದ್ದೀರಾ ನೀವೆಲ್ಲ. ಹಳ್ಳಿಯಲ್ಲಿ ಯಾರಿಗೆ ಏನು ಕಾಯಿಲೆ ಅಂತ ಯಾರಿಗೆ ಗೊತ್ತಿರಲ್ಲ ಹೇಳಿ? ಪ್ರೈವಸಿ ಎಲ್ಲ ಬೆಂಗಳೂರಿನ ಎಸಿ ರೂಮಿನ ಮಾತು.

ನಮ್ಮ ಅಪ್ಪನಿಗೆ ಎದೆನೋವು ಬಂದಾಗ ತಾಲೂಕು ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರ್ ಇರಲಿಲ್ಲ. ಇಸಿಜಿ ತೆಗೆದು ಆನ್‌ಲೈನ್ ಕಳಿಸಿದ್ರು. ಆ ಕಡೆಯಿಂದ ಹಾರ್ಟ್ ಅಟ್ಯಾಕೇ ಅಂತ ಉತ್ತರ ಬಂತು, ಹೆಪ್ಪು ಕರಗಿಸೋ ಇಂಜೆಕ್ಷನ್ ಅಲ್ಲೇ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸಿದ್ರು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಅದು, ಇಂಜೆಕ್ಷನ್ ಹೊರಗೆ ಹತ್ತಾರು ಸಾವಿರ ರೂಪಾಯಿ, ಅಲ್ಲಿ ಪುಕ್ಕಟೆ. ಅವತ್ತು ಯಾರಾದರೂ "ನಿಮ್ಮ ಡೇಟಾ ಹಂಚಿಕೊಳ್ಳೋಕೆ ಒಪ್ಪಿಗೆ ಇದೆಯಾ" ಅಂತ ಹತ್ತು ನಿಮಿಷ ಓದ್ತಾ ಕೂತಿದ್ದರೆ ಅಪ್ಪ ಇವತ್ತು ಇರ್ತಿರಲಿಲ್ಲ. ಡೇಟಾ ಹೋದರೆ ಹೋಗಲಿ, ಜನ ಉಳೀಲಿ.

ಪಿಎಚ್‌ಸಿ ಡಾಕ್ಟ್ರು, ಮಲೆನಾಡು

ಗೌಡ್ರೇ, ನಿಮ್ಮ ಅಪ್ಪನ ವಿಷಯ ಕೇಳಿ ಸಂತೋಷ. ಆದರೆ ತುರ್ತು ಚಿಕಿತ್ಸೆಯನ್ನೂ ಮಾಮೂಲಿ ಗುಳಿಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಎದೆನೋವಿನಲ್ಲಿ ಬಂದವರ ಹತ್ತಿರ ಯಾವ ಕಾನೂನೂ ಫಾರಂ ತುಂಬಿಸು ಅನ್ನಲ್ಲ. ವರದಾ ದಂಡೆಯವರ ತಾಯಿಗೆ ಅವತ್ತು ಅವಸರ ಏನಿತ್ತು? ಅವಸರ ಇದ್ದದ್ದು ಓಟಿಪಿಗೆ.

ದೂರದಿಂದ ನೋಡೋದು ಕೊರೊನಾ ಕಾಲದಲ್ಲಿ ಹುಟ್ಟಿದ್ದು ಅಂತ ಬಹಳ ಜನ ಅಂದುಕೊಂಡಿದ್ದಾರೆ. 2001ರ ಆಸುಪಾಸಿನಲ್ಲಿ ಇಸ್ರೋದವರು ಉಪಗ್ರಹದ ಮೂಲಕ ಟೆಲಿಮೆಡಿಸಿನ್ ಶುರು ಮಾಡಿದಾಗ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಜೋಡಿಸಿದ್ದರು. ಮಂಗಳೂರಿನ ಡಾ. ಪದ್ಮನಾಭ ಕಾಮತರು ಹಳ್ಳಿ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಕೊಡಿಸಿ ವಾಟ್ಸಾಪ್ ಗುಂಪಿನಲ್ಲೇ ತಜ್ಞರ ಸಲಹೆ ಸಿಗೋ ಹಾಗೆ ಮಾಡಿದ್ದೂ ಕೊರೊನಾಕ್ಕಿಂತ ಮುಂಚೆಯೇ. ಕೊರೊನಾ ತಂದದ್ದು ನಿಯಮಗಳನ್ನು. 2020ರ ಮಾರ್ಚ್ 25ಕ್ಕೆ, ಲಾಕ್‌ಡೌನ್ ಶುರುವಾದ ದಿನವೇ, ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂತು. ಅಲ್ಲಿಯವರೆಗೆ ಫೋನಿನಲ್ಲಿ ಔಷಧಿ ಹೇಳಿದ ಡಾಕ್ಟರು ಕಾನೂನಿನ ಯಾವ ಕಡೆ ನಿಂತಿದ್ದಾನೆ ಅಂತ ಅವನಿಗೇ ಗೊತ್ತಿರಲಿಲ್ಲ.

ಆ ಮಾರ್ಗಸೂಚಿಯಲ್ಲಿ ರೋಗಿಗೆ ಉಪಯೋಗ ಆಗೋ ಕೆಲವು ವಿಷಯ ಇದೆ. ರೋಗಿ ತಾನೇ ಕರೆ ಮಾಡಿದರೆ ಒಪ್ಪಿಗೆ ಇದೆ ಅಂತಲೇ ಅರ್ಥ. ಆದರೆ ಆರೋಗ್ಯ ಕಾರ್ಯಕರ್ತೆಯೋ ಮನೆಯವರೋ ಕರೆ ಮಾಡಿಸಿದರೆ ರೋಗಿಯ ಒಪ್ಪಿಗೆಯನ್ನು ಸ್ಪಷ್ಟವಾಗಿ ಕೇಳಿ ದಾಖಲಿಸಬೇಕು. ಉಪಕೇಂದ್ರದ ಕರೆಗಳೆಲ್ಲ ಈ ಎರಡನೇ ಗುಂಪಿಗೆ ಸೇರೋವು. "ಅಮ್ಮಾ, ಹೀಗೆ ವಿಡಿಯೋದಲ್ಲಿ ನೋಡಬಹುದಾ?" ಅಂತ ಕೇಳಿ ಅವರು ಹೂಂ ಅಂದರೆ ಸಾಕು, ಅಷ್ಟು ಸುಲಭ. ಮೊದಲ ಸಲ ನೋಡ್ತಿದ್ದರೆ ಕೆಲವು ಔಷಧಿಗಳನ್ನು ವಿಡಿಯೋದಲ್ಲಿ ನೋಡದೆ ಬರೀ ಫೋನಿನಲ್ಲಿ ಬರೆಯುವಂತಿಲ್ಲ. ಆಲ್ಪ್ರಜೊಲಾಮ್ ತರದ ನಿದ್ದೆ ಮಾತ್ರೆಯನ್ನಂತೂ ವಿಡಿಯೋದಲ್ಲೂ ಬರೆಯುವಂತಿಲ್ಲ. ಆದರೂ ಫೋನಿನಲ್ಲಿ ಕೇಳ್ತಾರೆ, ನಾನು ಬರೆಯಲ್ಲ ಅಂದರೆ ಬೈತಾರೆ. ಇನ್ನೊಂದು, ಎಐ ತಾನೇ ರೋಗಿಗೆ ಸಲಹೆ ಕೊಡೋದು, ಔಷಧಿ ಬರೆಯೋದು ಈ ಮಾರ್ಗಸೂಚಿ ಪ್ರಕಾರ ಆಗಲ್ಲ. ಡಾಕ್ಟರಿಗೆ ಸಹಾಯ ಮಾಡಬಹುದು ಅಷ್ಟೇ.

ವಾಟ್ಸಾಪ್ ಬಗ್ಗೆ ಒಂದು ಮಾತು, ಇಲ್ಲಿ ಡಾಕ್ಟರುಗಳೂ ಓದ್ತಾರೆ ಅಂತ. ಇಸಿಜಿ ಕಾಗದದ ಮೇಲ್ತುದಿಯಲ್ಲಿ ಹೆಸರು, ವಯಸ್ಸು ಅಚ್ಚಾಗಿರುತ್ತೆ. ಫೋಟೋ ತೆಗೆಯೋವಾಗ ಆ ತುದಿಯನ್ನು ಮಡಚಿ. ಗುಂಪಿಗೆ "58, ಗಂಡಸು, ಎದೆನೋವು ಎರಡು ಗಂಟೆಯಿಂದ" ಅಂತ ಹಾಕಿದರೆ ತಜ್ಞರಿಗೆ ಬೇಕಾದ್ದೆಲ್ಲ ಬಂತು. ಊರು, ಹೆಸರು, ಮನೆತನ ಯಾಕೆ? ಚರ್ಮದ ಕಾಯಿಲೆಯ ಫೋಟೋದಲ್ಲಿ ಮುಖ ಕಾಣೋ ಹಾಗೆ ತೆಗೆದು ಕಳಿಸೋರನ್ನು ನೋಡಿದ್ದೀನಿ. ಆ ಫೋಟೋ ಎಷ್ಟು ಜನರ ಗ್ಯಾಲರಿಯಲ್ಲಿ ಮಕ್ಕಳ ಹುಟ್ಟುಹಬ್ಬದ ಚಿತ್ರಗಳ ಪಕ್ಕ ಕೂತಿರುತ್ತೋ ದೇವರೇ ಬಲ್ಲ.

ಉರಿಮೂತ್ರದ ಬಗ್ಗೆ: ಸಕ್ಕರೆ ಕಾಯಿಲೆ ಇದ್ದವರಲ್ಲಿ ಅದನ್ನು ಬಿಡಬಾರದು. ನಾಚಿಕೆಗೆ ಅವರು ಹೋಗೋದು ನಿಲ್ಲಿಸಿದರೆ ನನಗೆ ಚಿಂತೆ ಅದರದ್ದೇ ಜಾಸ್ತಿ, ಸರ್ವರ್ ಹ್ಯಾಕ್ ಆಗೋದಕ್ಕಿಂತ.

ಕಪ್ಪು ಕೋಟು

ಗೌಡ್ರು "ಪ್ರೈವಸಿ ಎಸಿ ರೂಮಿನ ಮಾತು" ಅಂದದ್ದಕ್ಕೆ ಒಂದು ನೆನಪು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದ ಕೇಸಿನಲ್ಲಿ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕೇಸು ಹುಟ್ಟಿದ್ದೇ ಆಧಾರ್ ವಿಷಯದಲ್ಲಿ. ಅದು ರೇಷನ್ ಅಂಗಡಿಯ ಮಾತೂ ಹೌದು.

ಕಾನೂನು ಎಲ್ಲಿದೆ ಅಂದರೆ, ಆರೋಗ್ಯದ ಮಾಹಿತಿಗೇ ಅಂತ 2018ರಲ್ಲಿ 'ದಿಶಾ' ಅನ್ನೋ ಕರಡು ಮಸೂದೆ ಬಂತು. ಕರಡಾಗಿಯೇ ಉಳಿಯಿತು. ಆಮೇಲೆ 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ. ನಿಯಮ ಬಂದರೂ ಮುಖ್ಯ ಭಾಗಗಳಿಗೆ 18 ತಿಂಗಳ ಗಡುವು. ಬೇಸರದ ಸಂಗತಿ ಏನಂದ್ರೆ, 2011ರ ಹಳೇ ಐಟಿ ನಿಯಮಗಳಲ್ಲಿ ವೈದ್ಯಕೀಯ ದಾಖಲೆಯನ್ನು ಸೂಕ್ಷ್ಮ ಮಾಹಿತಿ ಅಂತ ಬೇರೆ ಇಟ್ಟಿದ್ದರು. ಹೊಸ ಕಾಯ್ದೆಯಲ್ಲಿ ಆ ವಿಂಗಡಣೆಯೇ ಇಲ್ಲ. ನಿಮ್ಮ ಎಚ್‌ಐವಿ ರಿಪೋರ್ಟೂ ನಿಮ್ಮ ಪಿಜ್ಜಾ ಆರ್ಡರೂ ಅದರ ಕಣ್ಣಿಗೆ ಒಂದೇ ಜಾತಿ. ದಂಡ 250 ಕೋಟಿ ರೂಪಾಯಿವರೆಗೆ ಅಂತ ಎಲ್ಲರೂ ಬರೀತಾರೆ. ಆ ದುಡ್ಡು ಹೋಗೋದು ಸರ್ಕಾರದ ಖಜಾನೆಗೆ. ಮಾಹಿತಿ ಸೋರಿ ಮರ್ಯಾದೆ ಹೋದವರಿಗೆ ಪರಿಹಾರ ಕೊಡೋ ದಾರಿ ಈ ಕಾಯ್ದೆಯಲ್ಲಿ ಇಲ್ಲ. ಹಳೇ ಐಟಿ ಕಾಯ್ದೆಯ 43ಎ ಕಲಮಿನಲ್ಲಿ ಪರಿಹಾರ ಕೇಳೋಕೆ ಅವಕಾಶ ಇತ್ತು, ಹೊಸದು ಪೂರ್ತಿ ಜಾರಿಯಾದಾಗ ಅದೂ ಹೋಗುತ್ತೆ.

ಒಂದು ಒಳ್ಳೇ ಅಂಶ ಇದೆ, ಇದನ್ನು ನೆನಪಿಟ್ಟುಕೊಳ್ಳಿ. ಒಪ್ಪಿಗೆಯ ನೋಟಿಸನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದೋ ಆಯ್ಕೆ ಜನರಿಗೆ ಇರಬೇಕು ಅಂತ ಕಾಯ್ದೆ ಹೇಳುತ್ತೆ. ಅಂದರೆ ಕನ್ನಡದಲ್ಲಿ ಕೇಳಬಹುದು. ಆದರೆ ಸರ್ಕಾರ ಸೌಲಭ್ಯ ಕೊಡೋ ಸಂದರ್ಭಗಳಲ್ಲಿ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸೋಕೆ 7ನೇ ಕಲಮಿನಲ್ಲಿ ಬಾಗಿಲು ತೆರೆದಿಟ್ಟಿದ್ದಾರೆ. ಉಪಕೇಂದ್ರ ಆ ಬಾಗಿಲಿಂದ ಬರುತ್ತಾ ಅನ್ನೋದು ಮುಂದೆ ಕೋರ್ಟುಗಳು ಹೇಳಬೇಕು.

ಹಳೇ ಅನುಭವ ನೋಡಿ. 2021ರಲ್ಲಿ ಲಸಿಕೆಗೆ ಆಧಾರ್ ತೋರಿಸಿದವರಲ್ಲಿ ಎಷ್ಟೋ ಜನರಿಗೆ ಸರ್ಟಿಫಿಕೇಟ್ ನೋಡಿದಾಗಲೇ ತಮಗೊಂದು ಹೆಲ್ತ್ ಐಡಿ ಹುಟ್ಟಿದೆ ಅಂತ ಗೊತ್ತಾದದ್ದು. 2022ರ ನವೆಂಬರ್‌ನಲ್ಲಿ ದಿಲ್ಲಿ ಏಮ್ಸ್‌ನ ಸರ್ವರ್‌ಗಳಿಗೆ ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್) ಬಿದ್ದು ಎರಡು ವಾರದ ಹತ್ತಿರ ಎಲ್ಲ ಕೈಬರಹದಲ್ಲಿ ನಡೀತು. 2023ರ ಜೂನ್‌ನಲ್ಲಿ ಟೆಲಿಗ್ರಾಂನ ಒಂದು ಬಾಟ್‌ಗೆ ಮೊಬೈಲ್ ನಂಬರ್ ಕೊಟ್ಟರೆ ಲಸಿಕೆ ಹಾಕಿಸಿಕೊಂಡವರ ಹೆಸರು, ಗುರುತಿನ ಚೀಟಿ ನಂಬರ್ ಬರ್ತಿದೆ ಅಂತ ಸುದ್ದಿಯಾಯ್ತು. ಲಸಿಕೆ ನೋಂದಣಿಯ ಪೋರ್ಟಲ್ ಕೋವಿನ್ ಪೂರ್ತಿ ಸುರಕ್ಷಿತ ಅಂತ ಸರ್ಕಾರ ಹೇಳಿತು. ಹಾಗಂತ ಹೇಳಿದ ಕೆಲವೇ ದಿನಗಳಲ್ಲಿ ಬಾಟ್ ವಿಷಯದಲ್ಲಿ ಬಿಹಾರದಲ್ಲಿ ಒಬ್ಬನನ್ನು ಹಿಡಿದರು.

ಕೊಪ್ಪಳದ ಗೌಡ್ರು

ಸರಿ ವಕೀಲರೇ. ಆದರೆ ನನ್ನ ಮಾತು ಅದೇ. ಅಪ್ಪನ ಇಸಿಜಿ ಯಾರು ಬೇಕಾದರೂ ನೋಡಲಿ.

ಹೆಸರು ಬೇಡ

ಗೌಡ್ರೇ, ಇಸಿಜಿ ಯಾರು ನೋಡಿದರೂ ನಿಮ್ಮ ಅಪ್ಪನ ಮದುವೆ ಮುರಿಯಲ್ಲ. ಹೆಣ್ಣುಮಕ್ಕಳ ಕಥೆ ಬೇರೆ.

ನಮ್ಮ ಮನೆಯಲ್ಲಿ ಒಂದೇ ಮೊಬೈಲ್ ನಂಬರ್ ಎಲ್ಲರ ದಾಖಲೆಗೂ ಇದ್ದದ್ದು, ಅದು ಮಾವನವರ ಹತ್ತಿರ ಇರ್ತಿತ್ತು. ನನಗೆ ಹೆರಿಗೆ ಆದ ಮೇಲೆ ಮನಸ್ಸಿಗೆ ತುಂಬ ಕಷ್ಟ ಆಗ್ತಿತ್ತು, ಒಂದು ಕಡೆ ಆನ್‌ಲೈನ್‌ನಲ್ಲಿ ಮನೋವೈದ್ಯರಿಗೆ ತೋರಿಸಿದೆ. ಅಪಾಯಿಂಟ್‌ಮೆಂಟ್ ಮೆಸೇಜು, ವಿಭಾಗದ ಹೆಸರಿನ ಸಮೇತ, ಮಾವನವರ ಫೋನಿಗೆ ಹೋಯ್ತು. ಹ್ಯಾಕರ್ ಇಲ್ಲ, ಟೆಲಿಗ್ರಾಂ ಇಲ್ಲ. ವ್ಯವಸ್ಥೆ ಹೇಗಿರಬೇಕೋ ಹಾಗೇ ಕೆಲಸ ಮಾಡ್ತು. ಆಮೇಲೆ "ಸೊಸೆಗೆ ತಲೆ ಸರಿ ಇಲ್ಲ" ಅನ್ನೋ ಮಾತು ಎಷ್ಟು ಮನೆ ಸುತ್ತಿತು ಅಂತ ನಾನು ಇಲ್ಲಿ ಬರೆಯಲ್ಲ.

ಕಾನೂನು ನನಗೂ ಈಗ ಗೊತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮಿನಲ್ಲಿ ಗೋಪ್ಯತೆ ನಮ್ಮ ಹಕ್ಕು. ಗರ್ಭಪಾತದ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಆದಾಗ ಹೆಂಗಸಿನ ಹೆಸರು, ವಿವರ ಬಯಲು ಮಾಡೋ ಡಾಕ್ಟರಿಗೆ ಜೈಲು ಅಂತ ಸೇರಿಸಿದ್ದಾರೆ. ಆದರೆ ಎಸ್‌ಎಂಎಸ್‌ಗೆ ಜೈಲು ಇಲ್ಲ ಅಲ್ವಾ.

ಆದ್ದರಿಂದ ಡೆವಲಪರ್ ಸರ್, ನಿಮ್ಮಂಥವರಿಗೆ ಒಂದು ಕೋರಿಕೆ. ಮೆಸೇಜಿನಲ್ಲಿ ವಿಭಾಗದ ಹೆಸರು ಹಾಕಬೇಡಿ. "ನಾಳೆ 11ಕ್ಕೆ ನಿಮ್ಮ ಸಮಯ ನಿಗದಿಯಾಗಿದೆ" ಅಂದರೆ ಸಾಕು. ರಿಜಿಸ್ಟರ್ ಮಾಡೋವಾಗ "ಈ ಫೋನ್ ಬೇರೆಯವರೂ ನೋಡ್ತಾರಾ?" ಅಂತ ಒಂದು ಪ್ರಶ್ನೆ ಇಡಿ. ಮತ್ತೆ, ಈ ಥರ ಕಷ್ಟದಲ್ಲಿ ಇದನ್ನು ಓದ್ತಿರೋ ಅಕ್ಕ ತಂಗಿಯರು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ನಮ್ಮ ನಿಮ್ಹಾನ್ಸ್‌ನವರೇ ಇದರ ನೋಡಲ್ ಕೇಂದ್ರ. ಕನ್ನಡದಲ್ಲಿ ಮಾತಾಡ್ತಾರೆ, ಆಮೇಲೆ ಕಾಲ್ ಲಿಸ್ಟ್‌ನಿಂದ ನಂಬರ್ ಅಳಿಸಿ.

ಬೆಣ್ಣೆದೋಸೆ ಡೆವಲಪರ್

ವಿಭಾಗದ ಹೆಸರಿನ ವಿಷಯ ನಾಳೆಯೇ ನಮ್ಮ ಟೀಮಿನಲ್ಲಿ ಎತ್ತುತ್ತೀನಿ ಮೇಡಂ. ಅದು ಟೆಂಪ್ಲೇಟ್‌ನಲ್ಲಿ ಒಂದು ಪದ ತೆಗೆಯೋ ಕೆಲಸ. ಹಂಚಿಕೊಂಡ ಫೋನಿನ ಪ್ರಶ್ನೆ ಮಾತ್ರ ಕಷ್ಟ. ಅದನ್ನು ಕೇಳೋ ಹೊತ್ತಿಗೆ ಮಾವನವರು ಪಕ್ಕದಲ್ಲೇ ನಿಂತಿರ್ತಾರೆ.

ವರದಾ ದಂಡೆ

ಎಲ್ಲರಿಗೂ ಥ್ಯಾಂಕ್ಸ್. ಸಿಸ್ಟರ್ ಹೇಳಿದ ಹಾಗೆ ಊರಿನ ಸಿಸ್ಟರ್‌ಗೆ ಫೋನ್ ಮಾಡಿದೆ. ಆಭಾ ಸದ್ಯಕ್ಕೆ ಅಳಿಸಿಲ್ಲ, ಅವ್ವನಿಗೆ ಮೊದಲು ಅದೇನಂತ ಹೇಳಿ, ಇಟ್ಟುಕೊಳ್ತೀಯಾ ಅಂತ ಅವಳನ್ನೇ ಕೇಳ್ತೀನಿ.

ಇನ್ನೊಂದು ಅನುಮಾನ. ಅವ್ವನಿಗೆ ಆರೋಗ್ಯ ವಿಮೆ ಮಾಡಿಸಬೇಕು ಅಂತಿದ್ದೀನಿ. ಏಜೆಂಟ್ ಫಾರಂನಲ್ಲಿ ಆಭಾ ನಂಬರ್ ಕೇಳೋ ಕಾಲಂ ಇದೆ. ಕೊಟ್ಟರೆ ಕಂಪನಿಯವರು ಹಳೇದೆಲ್ಲ ತೆಗೆದು ನೋಡಿ ಪಾಲಿಸಿ ಕೊಡಲ್ಲ ಅಂತಾರಾ? ಏಜೆಂಟ್ ಅಂತೂ "ಸಕ್ಕರೆ ಕಾಯಿಲೆ ಬರೀಬೇಡಿ ಸರ್, ನಾನು ನೋಡ್ಕೋತೀನಿ" ಅಂತಿದ್ದಾನೆ.

ಕ್ಲೈಮ್ ಕೌಂಟರ್

ಆ ಏಜೆಂಟ್‌ನನ್ನು ಬಿಡಿ ಮೊದಲು.

ಆಭಾ ನಂಬರ್ ಕೊಟ್ಟ ಮಾತ್ರಕ್ಕೆ ಕಂಪನಿಯವರಿಗೆ ದಾಖಲೆ ಕಾಣಲ್ಲ. ಅವರೂ ಕೋರಿಕೆ ಕಳಿಸಬೇಕು, ಅದು ನಿಮ್ಮ ಫೋನಿಗೇ ಬರುತ್ತೆ. ಕಳಿಸಿದರೆ ದಿನಾಂಕದ ವ್ಯಾಪ್ತಿ ನೋಡಿ. ಈ ಕ್ಲೈಮಿಗೆ ಸಂಬಂಧಪಟ್ಟ ದಾಖಲೆ ಕೇಳಿದ್ದಾರಾ ಅಥವಾ ಹತ್ತು ವರ್ಷದ್ದು ಕೇಳಿದ್ದಾರಾ ಅಂತ. ಜಾಸ್ತಿ ಕೇಳಿದರೆ ಬೇಡ ಅಂತ ಒತ್ತಿ, ಬೇಕಾದ ಕಾಗದ ನೀವೇ ಕೊಡಿ. ಅಡ್ಮಿಟ್ ಆಗಿದ್ದ ಆಸ್ಪತ್ರೆಯಿಂದ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳಲ್ಲೇ ಇದೆ, ಆಸ್ಪತ್ರೆಯವರು ಓಡಾಡಿಸಿದರೆ ಅದನ್ನು ಹೇಳಿ.

ಸಕ್ಕರೆ ಕಾಯಿಲೆ, ಬಿಪಿ ಎರಡನ್ನೂ ಪ್ರೊಪೋಸಲ್ ಫಾರಂನಲ್ಲಿ ಬರೆಯಿರಿ, ಯಾವ ವರ್ಷದಿಂದ ಅಂತನೂ ಬರೆಯಿರಿ. ಮೊದಲೇ ಇದ್ದ ಕಾಯಿಲೆಗೆ ಕಾಯಿಸೋ ಅವಧಿ ಈಗ ಹೆಚ್ಚಂದರೆ 36 ತಿಂಗಳು. ಪಾಲಿಸಿ ಸತತ 60 ತಿಂಗಳು ನಡೆದ ಮೇಲೆ ಮುಚ್ಚಿಟ್ಟಿದ್ರಿ ಅಂತ ಹೇಳಿ ಕ್ಲೈಮ್ ತಳ್ಳಿಹಾಕೋಕೆ ಆಗಲ್ಲ, ಮೋಸ ಅಂತ ಸಾಬೀತಾದರೆ ಮಾತ್ರ. ಮುಚ್ಚಿಟ್ಟು ಅದಕ್ಕೆ ಮುಂಚೆ ಸಿಕ್ಕಿಬಿದ್ದರೆ ಕಟ್ಟಿದ ಪ್ರೀಮಿಯಂ ಎಲ್ಲ ನೀರಿಗೆ ಹಾಕಿದ ಹಾಗೆ. ನಿಮ್ಮ ಅವ್ವನ ಸಕ್ಕರೆ ಲೆಕ್ಕ ಎಷ್ಟು ಕಡೆ ದಾಖಲಾಗಿದೆ ಅಂತ ಮೇಲೆ ಸಿಸ್ಟರ್ ಹೇಳಿದ್ದಾರಲ್ಲ, ಮುಚ್ಚಿಡೋ ಕಾಲ ಮುಗೀತು.

ಯಾವ ಕಂಪನಿ ಒಳ್ಳೇದು ಅಂತ ಮಾತ್ರ ಇಲ್ಲಿ ಕೇಳಬೇಡಿ, ಜಾಹೀರಾತು ಅಂತ ಅಡ್ಮಿನ್ ಪೋಸ್ಟೇ ತೆಗೆದುಬಿಡ್ತಾರೆ.